ಇಬ್ಬರೂ ಹೇಳಿದ ಮಾತು

೨೦ ಜೂನ್ ೧೯೯೩, ಮುಕ್ಕುಂದ

ಊರಿಗೆ ಬಂದಾಗಿನಿಂದ ನಿದ್ದೆಯೇ ನಿದ್ದೆ. ಬೆಂಗಳೂರಿನ ಲ್ಯಾಬಿನಲ್ಲಿ ಕಳೆದುಕೊಂಡದ್ದನ್ನೆಲ್ಲ ಅವ್ವನ ಕೌದಿ ತುಂಬಿಕೊಡುತ್ತಿದೆ. ಎಚ್ಚರಾದಾಗ ಬೆಳಕಿಂಡಿಯಿಂದ ಬಿಸಿಲು ಕೋಲಿನಂತೆ ಇಳಿದಿರುತ್ತದೆ, ಅದರೊಳಗೆ ಧೂಳು ಆಡುತ್ತಿರುತ್ತದೆ. ಬೆಳಗೋ ಸಂಜೆಯೋ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೂ ನಡೆಯುತ್ತದೆ ಅನ್ನಿಸಿ ಮತ್ತೆ ಕಣ್ಣು ಮುಚ್ಚುತ್ತೇನೆ.

ಮುಚ್ಚಿದ ಕಣ್ಣಿಗೂ ಲ್ಯಾಬಿನ ಚಿಪ್ಪೇ ಕಾಣುತ್ತದೆ. ಎದೆಬಡಿತ ಅಳೆಯುವ ಯಂತ್ರಕ್ಕಾಗಿ ನಾನು ಮಾಡಿದ ಆಂಪ್ಲಿಫೈಯರ್ ಚಿಪ್ ಆಗಿ ಬಂತು, ಬಂದದ್ದೇ ಮೇಜಿನ ಮೇಲೆ ಸತ್ತು ಮಲಗಿತು. ಲ್ಯಾಬಿನ ಸಾಹೇಬರು ಬೈಯಲಿಲ್ಲ. "ಶಿವಬಸಮ್ಮ, ಊರಿಗೆ ಹೋಗಿ ಬನ್ನಿ. ಆಗಸ್ಟ್ ಅರ್ಧದೊಳಗೆ ಹೊಸ ನಕ್ಷೆ ಕೊಡಿ. ಆಗದಿದ್ದರೆ ಹೊರಗಿನದನ್ನೇ ತರಿಸೋಣ" ಅಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅದು ಮಾಡಬೇಕಾದ ಕೆಲಸ ಹೇಳಲು ಸುಲಭ. ಎರಡು ತಂತಿ ಒಳಗೆ ಬರುತ್ತವೆ. ಎರಡರಲ್ಲೂ ಒಂದೇ ಆಗಿರುವುದನ್ನು ಬಿಟ್ಟುಬಿಡಬೇಕು, ನಡುವಿನ ವ್ಯತ್ಯಾಸವನ್ನು ಮಾತ್ರ ಹಿಡಿದು ಸಾವಿರಪಟ್ಟು ದೊಡ್ಡದು ಮಾಡಬೇಕು. ಅದಕ್ಕಾಗಿ ಒಳಗೆ ಎಡಕ್ಕೊಂದು ಬಲಕ್ಕೊಂದು ಟ್ರಾನ್ಸಿಸ್ಟರ್. ಒಂದೇ ಅಚ್ಚು, ಒಂದೇ ಸಿಲಿಕಾನ್ ಬಿಲ್ಲೆ, ಒಂದೇ ದಿನದ ಹುಟ್ಟು. ಆದರೂ ಎರಡೂ ಒಂದೇ ಥರ ಇರುವುದಿಲ್ಲ. ಚಿಪ್ ಸಣ್ಣದಾಗುತ್ತ ಹೋದಂತೆ ಈ ತಾರತಮ್ಯ ಹೆಚ್ಚುತ್ತ ಹೋಗುತ್ತದೆ. ಅದನ್ನು ಹೊಟ್ಟೆಗೆ ಹಾಕಿಕೊಂಡು ನಡೆಯುವಂತೆ ಮಾಡುವುದೇ ನನ್ನ ಉದ್ಯೋಗ.

೨೨ ಜೂನ್

ಅವ್ವ ಪತ್ರದಲ್ಲಿ ಬರೆಸದೇ ಇದ್ದದ್ದನ್ನು ಇವತ್ತು ಹೇಳಿದಳು. ಮನೆಯಲ್ಲಿ ಒಲೆ ಎರಡಾಗಿವೆ. ಅಣ್ಣ ಅಮರಗುಂಡಪ್ಪ ಮತ್ತು ಅತ್ತಿಗೆ ಪಂಪಮ್ಮ ಒಂದು ಕಡೆ. ತಮ್ಮ ದೊಡ್ಡಬಸಪ್ಪ ಅವ್ವನ ಕಡೆ. ಹೆಸರಿಗೆ ದೊಡ್ಡವ, ಹುಟ್ಟಿದ್ದು ಕಡೆಯಲ್ಲಿ. ಇನ್ನೂ ಮದುವೆ ಇಲ್ಲ. ಬೇಸಿಗೆ ಬೆಳೆಗೆ ನೀರು ಹಾಯಿಸುವಾಗ ಒಂದು ಮಾತು ಬಂತಂತೆ, ಯುಗಾದಿಯಿಂದ ಇಬ್ಬರೂ ಮಾತು ಬಿಟ್ಟಿದ್ದಾರೆ. ಅಪ್ಪ ಹೋಗಿ ಇನ್ನೂ ವರ್ಷ ತುಂಬಿಲ್ಲ.

"ಲೆಕ್ಕ ಬಲ್ಲಾಕಿ ನೀ ಒಬ್ಬಾಕೆ ಈ ಮನ್ಯಾಗ. ಬರೋಬ್ಬರಿ ಎರಡ ಪಾಲು ಮಾಡಿಕೊಡವ್ವಾ," ಅಂದಳು ಅವ್ವ. "ಕಾಲುವಿಗೆ ನೀರು ಬರೂದ್ರಾಗ ಫೈಸಲಾ ಆಗಬೇಕು. ಆಗ್ಲಿಲ್ಲಂದ್ರ ಈ ಸಲ ನಾಟಿ ಇಲ್ಲ, ಗದ್ದಿ ಬೀಳು. ಗದ್ದಿ ಬೀಳು ಬಿದ್ರ ಬೀಳಲಿ. ಇವರಿಬ್ಬರು ಹಿಂಗ ಉಳದ್ರ ನಾ ಸಾಯೂದು ಹೆಂಗ?"

ಸಾಯುವ ಮಾತು ಬೇಡ ಅಂದೆ. ಪಾಲು ಮಾಡುವುದು ಕಷ್ಟವಲ್ಲ ಎಂದೂ ಅಂದೆ. ಎರಡನ್ನು ಸಮ ಮಾಡುವುದನ್ನು ಬಿಟ್ಟು ಬದುಕಿನಲ್ಲಿ ಬೇರೇನು ಕಲಿತಿದ್ದೇನೆ?

೨೭ ಜೂನ್

ಬೆಳಿಗ್ಗೆ ಗದ್ದೆಗೆ ಹೋಗಿದ್ದೆ. ಕಾಲುವೆಯ ಏರಿಯ ಮೇಲೆ ನಿಂತು ನೋಡಿದರೆ ಜಮೀನು ಮೇಲಿನಿಂದ ಹಳ್ಳದವರೆಗೆ ಇಳಿಜಾರಾಗಿ ಹಾಸಿದೆ. ಮೇಲಿನದಕ್ಕೆ ಮೊದಲ ನೀರು, ಒಳ್ಳೆ ಮಣ್ಣು. ಕೆಳಗೆ ಹೋದಂತೆ ನೀರು ತಡ, ಹಳ್ಳದ ಅಂಚಿಗೆ ಸವಳಿನ ಉಪ್ಪು ಬಿಳಿ ಬಿಳಿಯಾಗಿ ಎದ್ದಿದೆ. ನಗು ಬಂತು. ಚಿಪ್ಪಿನಲ್ಲೂ ಹೀಗೆಯೇ, ಒಂದು ಅಂಚಿನಿಂದ ಇನ್ನೊಂದಕ್ಕೆ ಗುಣ ಇಳಿಯುತ್ತ ಹೋಗುತ್ತದೆ. ಅದಕ್ಕೆ ನಾವು ಟ್ರಾನ್ಸಿಸ್ಟರನ್ನು ತುಂಡು ಮಾಡಿ ಒಂದರ ಮಗ್ಗುಲಿಗೆ ಇನ್ನೊಂದನ್ನು ಹೆಣೆಯುತ್ತೇವೆ. ಜಮೀನನ್ನು ನಾಲ್ಕು ಪಟ್ಟಿ ಮಾಡಿದರೆ ಆಯಿತು. ಮೇಲಿನದು ಮತ್ತು ಕೆಳಗಿನದು ಒಬ್ಬನಿಗೆ, ನಡುವಿನ ಎರಡು ಇನ್ನೊಬ್ಬನಿಗೆ. ಒಳ್ಳೆಯದೂ ಕೆಟ್ಟದ್ದೂ ಇಬ್ಬರಿಗೂ ಸಮ.

ಆಂಪ್ಲಿಫೈಯರಿಗೆ ತಂದಿದ್ದ ಗ್ರಾಫ್ ಹಾಳೆಯ ಮೇಲೆಯೇ ಬರೆದೆ. ಹಸಿರು ಪೆನ್ಸಿಲು ಅಣ್ಣನಿಗೆ, ಕೆಂಪು ತಮ್ಮನಿಗೆ. ಮುಗಿದ ಮೇಲೆ ಯಾವ ಹಾಳೆ ಗದ್ದೆಯದು, ಯಾವುದು ಚಿಪ್ಪಿನದು ಎಂದು ನನಗೇ ಒಂದು ಗಳಿಗೆ ತಿಳಿಯಲಿಲ್ಲ.

ಇಬ್ಬರಿಗೂ ಬೇರೆ ಬೇರೆ ತೋರಿಸಿದೆ. ಅಣ್ಣ ಹಾಳೆ ನೋಡಲೇ ಇಲ್ಲ. "ಏನರ ಮಾಡು, ಮ್ಯಾಲಿನ ಪಟ್ಟಿ ನಂಗ ಇರಲಿ. ಅಲ್ಲಿ ಅಪ್ಪ ಅದಾನ" ಅಂದ, ಎತ್ತಿಗೆ ನೀರಿಡಲು ಎದ್ದು ಹೋದ. ಮೊದಲಿನಿಂದಲೂ ಹಾಗೆಯೇ, ಮುಖ ಕೊಟ್ಟು ಮಾತಾಡಿದರೆ ಮುತ್ತು ಉದುರುತ್ತದೆ. ದೊಡ್ಡಬಸು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ, ಹಸಿರು ಯಾವುದು ಕೆಂಪು ಯಾವುದು ಎಂದು ಕೇಳಿದ, ಬಣ್ಣ ಚಂದ ಐತಿ ಅಂದ. ಪಾಪ, ನಿದ್ದೆಗೆಟ್ಟು ಕಣ್ಣು ಸಣ್ಣಗಾಗಿವೆ ಅವನವು. ಆಮೇಲೆ ಮೆಲ್ಲಗೆ, "ಅಕ್ಕಾ, ಮ್ಯಾಲಿಂದು ನಂಗ ಕೊಡಸು. ಅಪ್ಪನ್ನ ಬಿಟ್ಟು ಹೆಂಗಿರ್ಲಿ?" ಅಂದ.

ಅಪ್ಪನನ್ನು ಮಣ್ಣು ಮಾಡಿದ್ದು ಮೇಲಿನ ಪಟ್ಟಿಯಲ್ಲೇ, ಬೇವಿನ ಗಿಡದ ಕೆಳಗೆ. ನಮ್ಮಲ್ಲಿ ಎಲ್ಲರೂ ತಮ್ಮ ತಮ್ಮ ಹೊಲದಲ್ಲೇ ಮಲಗುವುದು. ಅಪ್ಪನ ಮಾತು ಇಬ್ಬರೂ ಆಡಿದರು. ಇಬ್ಬರೂ ಆಡಿದ್ದರಿಂದ ಅದು ಸಮಕ್ಕೆ ಸಮ ಹೋಯಿತು. ಲೆಕ್ಕಕ್ಕೆ ಹಿಡಿಯಲಿಲ್ಲ.

೧ ಜುಲೈ

ಮಧ್ಯಾಹ್ನದ ಕನಸು. ಚಿಪ್ಪಿನ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದೆ. ಅಲ್ಯೂಮಿನಿಯಂ ತಂತಿಗಳಲ್ಲಿ ಮೊಣಕಾಲುಮಟ ನೀರು, ಬೆಚ್ಚಗಿತ್ತು. ಮೇಲಿನ ತೂಬಿನ ಹತ್ತಿರ ಅಪ್ಪ ತಲೆಗೆ ಬಿಳಿ ಪಟಗ ಸುತ್ತಿಕೊಂಡು ನಿಂತಿದ್ದ. "ಎಷ್ಟು ಬಿಡಲವ್ವಾ ನೀರು?" ಎಂದು ಕೇಳಿದ. ನನಗೆ ಲೆಕ್ಕ ಮರೆತುಹೋಗಿತ್ತು. ಆಮೇಲೆ ನಾನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದೆ, ಮೇಲಿನ ಪಟ್ಟಿಯ ಮೇಲೆ ಬಿಳಿಯದೊಂದು ಧೂಳಿನ ಕಣ ಕೂತಿತ್ತು. ಉಫ್ ಎಂದು ಊದಿಬಿಟ್ಟೆ.

ಎದ್ದಾಗ ದಿಂಬು ಒದ್ದೆ. ಸೆಕೆ.

೪ ಜುಲೈ

ಈಗ ನಾನೇ ಈ ಮನೆಯ ಟಪಾಲು. ಬೆಳಗಿನ ರೊಟ್ಟಿ ಅತ್ತಿಗೆಯ ಒಲೆಯದು, ರಾತ್ರಿಯ ನವಣೆ ಅನ್ನ ಅವ್ವನ ಒಲೆಯದು. ಅಲ್ಲಿಂದ ಇಲ್ಲಿಗೆ ಮಾತು ಹೊತ್ತು ತಿರುಗುತ್ತೇನೆ.

ಇವತ್ತು ಅಣ್ಣ ಹೇಳಿದ್ದು: "ನೋಡು ಶಿವವ್ವಾ, ಅವ ಇನ್ನಾ ಹುಡುಗ ಅದಾನ. ನೀರು ಹಾಯಸಾಕ ಬರಂಗಿಲ್ಲ ಅವಗ, ರಾತ್ರಿ ಹಾವು ಹುಳ ಇರ್ತಾವ. ನೀರಿಂದು ನಾ ನೋಡಿಕೊಂತೀನಿ, ಅವ ಬೇಕಾದ್ದು ತಗೊಳ್ಳಿ."

ನಾನು ಸುತ್ತಿ ಬಳಸಿ ಮಾತಾಡುವವಳಲ್ಲ. ಇಬ್ಬರ ನಡುವೆ ಫರಕು ಎಲ್ಲಿದೆಯೋ ಅಷ್ಟನ್ನು ಎತ್ತಿಕೊಂಡು ತಮ್ಮನ ಹತ್ತಿರ ಹೋದೆ. "ನಿನಗ ನೀರು ಹಾಯಸಾಕ ಬರಂಗಿಲ್ಲಂತಾನ ಅಣ್ಣ. ನೀರು ತನ್ನ ಕೈಯಾಗ ಇರಬೇಕಂತ" ಅಂದೆ.

ದೊಡ್ಡಬಸುವಿನ ಮುಖ ಕಪ್ಪಿಟ್ಟಿತು. "ಹತ್ತು ವರ್ಷ ಅಪ್ಪನ ಸಂಗಾಟ ನೀರು ಹಾಯಿಸಿದವ ನಾ. ಇಂವ ಸಿಂಧನೂರು ಮಿಲ್ಲಿನ ಕಟ್ಟಿ ಮ್ಯಾಲ ಕುಂತಿರ್ತಿದ್ದ. ಹೇಳಕ್ಕ ಅವಗ."

ಹೇಳಿದೆ. ಮಿಲ್ಲಿನ ಕಟ್ಟೆಯ ಮಾತನ್ನಷ್ಟೇ. ಅಣ್ಣ ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದ.

ನಾನು ಆಡಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೂ ಇವರಿಬ್ಬರೂ ದಿನದಿಂದ ದಿನಕ್ಕೆ ಯಾಕೆ ದೂರ ಸರಿಯುತ್ತಿದ್ದಾರೋ ತಿಳಿಯದು. ಬಹುಶಃ ಮೊದಲಿನಿಂದಲೇ ಇಷ್ಟು ದೂರ ಇದ್ದರು, ನಾನು ನೋಡಿರಲಿಲ್ಲ.

೯ ಜುಲೈ

ನಾಲ್ಕು ಪಟ್ಟಿ ಇಬ್ಬರಿಗೂ ಬೇಡ. ಎಂಟು ಪಟ್ಟಿ ಮಾಡಿದೆ. ಅದೂ ಬೇಡ.

ಅಣ್ಣ ಅಂಗಳ ದಾಟುವಾಗ ದೊಡ್ಡಬಸು ಗೋಡೆಯ ಕಡೆ ತಿರುಗಿ ನಿಲ್ಲುತ್ತಾನೆ.

೧೩ ಜುಲೈ

ಸಿಂಧನೂರಿಗೆ ಹೋಗಿ ಎಸ್‌ಟಿಡಿ ಅಂಗಡಿಯಿಂದ ಸಾಹೇಬರಿಗೆ ಫೋನು ಮಾಡಿದೆ. ಸತ್ತ ಚಿಪ್ಪನ್ನು ಇನ್ನೊಮ್ಮೆ ಅಳೆದರಂತೆ. "ವಿಚಿತ್ರ ನೋಡಿ. ಎಡಬಲದ ವ್ಯತ್ಯಾಸ ನೀವು ಅಂದುಕೊಂಡಷ್ಟಿಲ್ಲ. ನಿಮ್ಮ ಹೆಣಿಗೆ ಚೆನ್ನಾಗಿಯೇ ಇದೆ. ಆದರೆ ಎರಡು ಔಟ್‌ಪುಟ್ಟೂ ಒಟ್ಟಿಗೆ ತಳ ಸೇರಿವೆ" ಅಂದರು. ಅಂಗಡಿಯವನು ಗಾಜಿನ ಬಾಗಿಲು ಕುಟ್ಟುತ್ತಿದ್ದ, ಹೊರಗೆ ನೆಲ್ಲಿನ ಲಾರಿಗಳ ಗದ್ದಲ. ಒಟ್ಟಿಗೆ ತಳ ಸೇರುವುದಕ್ಕೂ ತಾರತಮ್ಯಕ್ಕೂ ಏನು ಸಂಬಂಧ? ಬಸ್ಸಿನಲ್ಲಿ ಕೂತು ಯೋಚಿಸಿದೆ. ಯೋಚನೆ ತೂಕಡಿಕೆಯಾಯಿತು.

ಮನೆಗೆ ಬಂದರೆ ಅವ್ವ ನನ್ನ ಎಂಟು ಪಟ್ಟಿಯ ನಕ್ಷೆಯನ್ನು ಮಜ್ಜಿಗೆ ಗಡಿಗೆಯ ಮೇಲೆ ಮುಚ್ಚಿದ್ದಾಳೆ. ಸಿಟ್ಟು ಬಂತು. "ಅವ್ವಾ, ಅದು ಪಾಲಿನ ಕಾಗದ."

"ಗೊತ್ತೈತಿ," ಅಂದಳು. "ಪಂಚಮಿ ಬಂತು. ಮಸ್ಕಿಗಿ ಹೋಗಿ ನಿಮ್ಮ ದೊಡ್ಡವ್ವನ ಮನ್ಯಾಗ ಎರಡ ದಿನ ಇದ್ದು ಬಾ."

"ನಾ ಹೋದ್ರ ಇವರ ನಡುವ ಮಾತು ಯಾರು ಮುಟ್ಟಿಸೋರು?"

"ಹೋಗವ್ವಾ. ನಿನಗೂ ದಣಿವಾಗೈತಿ."

ದಣಿವೇನೂ ಇಲ್ಲ. ಕಾಲುವೆಗೆ ಇನ್ನು ಹದಿನೈದು ದಿನಕ್ಕೆ ನೀರು ಬಿಡುತ್ತಾರೆ, ಇಂಥ ಹೊತ್ತಿನಲ್ಲಿ ನನ್ನನ್ನು ಆಚೆ ಕಳಿಸುತ್ತಾಳಲ್ಲ. ಅವ್ವನಿಗೆ ವಯಸ್ಸಾಯಿತು.

೧೭ ಜುಲೈ, ಮಸ್ಕಿ

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಾಲುವೆಯ ಸೀಮೆ ಮುಗಿದು ಎರೆಹೊಲ ಶುರುವಾಯಿತು. ಮೋಡದ ನೆರಳು ಹೊಲದಿಂದ ಹೊಲಕ್ಕೆ ದಾಟುತ್ತಿತ್ತು, ಯಾರ ಬದು ಎಂದು ಕೇಳದೆ. ಅದನ್ನೇ ನೋಡುತ್ತ ಕೂತೆ. ಮಸ್ಕಿ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಕಂಡಕ್ಟರ್ "ಲಿಂಗಸೂಗೂರು, ಇಳೀರಿ" ಅಂದಾಗ ಇಳಿದು, ಚಹಾ ಕುಡಿದು, ಮತ್ತೊಂದು ಬಸ್ಸು ಹತ್ತಿ ಹಿಂದಕ್ಕೆ ಬಂದೆ. ನಾಚಿಕೆ ಆಗಬೇಕಿತ್ತು. ಸುಖವಾಗಿತ್ತು.

ದೊಡ್ಡವ್ವ ಶೇಖಮ್ಮನಿಗೆ ಈ ಕಥೆ ಹೇಳಿದೆ. "ನಿಮ್ಮಪ್ಪನೂ ಹಿಂಗ. ಒಮ್ಮಿ ನನ್ನ ಮಾತಾಡ್ಸಾಕ ಬರ್ತೀನಂತ ಹೊಂಟಾಂವ ಲಿಂಗಸೂಗೂರು ನೋಡಿ ಬಂದಿದ್ದ" ಅಂದಳು.

ಅಪ್ಪನ ಬಗ್ಗೆ ಯಾರೋ ನಗುತ್ತ ಮಾತಾಡಿದ್ದು ಕೇಳಿ ಎಷ್ಟೋ ದಿನವಾಗಿತ್ತು.

೨೧ ಜುಲೈ

ಜಿಟಿಜಿಟಿ ಮಳೆ. ಜೋಳದ ಅಳ್ಳು ಹುರಿದ ವಾಸನೆ ಮನೆಯ ತುಂಬ. ಎರಡು ದಿನ ಎಂದು ಬಂದವಳು ಹೊರಡುವುದನ್ನು ಮರೆತಿದ್ದೇನೆ. ನಕ್ಷೆಯ ಹಾಳೆಗಳನ್ನು ಚೀಲದಿಂದ ತೆಗೆದಿಲ್ಲ. ದೊಡ್ಡವ್ವನ ಸಂಗಡ ಶೇಂಗಾ ಉಂಡೆ ಕಟ್ಟಿದೆ. ನನ್ನವು ಒಂದಕ್ಕಿಂತ ಒಂದು ಬೇರೆ ಗಾತ್ರ. ಯಾರೂ ತಕರಾರು ಮಾಡಲಿಲ್ಲ.

೨೩ ಜುಲೈ, ಚೌತಿ

ಹಿತ್ತಲ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದರು. ಮಣೆ ಒಂದು ಕಡೆ ವಾಲಿತ್ತು. ನನಗೆ ಸಹಿಸಲಿಕ್ಕಾಗಲಿಲ್ಲ. ಬಲಗಡೆಯ ಗಂಟು ಬಿಚ್ಚಿ ಎರಡು ಬೆರಳು ಮೇಲೇರಿಸಿದೆ, ದೂರ ನಿಂತು ನೋಡಿದೆ, ಮತ್ತೆ ಅರ್ಧ ಬೆರಳು ಇಳಿಸಿದೆ. ತಂಬಿಗೆಯಲ್ಲಿ ನೀರು ತುಂಬಿ ಮಣೆಯ ಮೇಲಿಟ್ಟು ಪರೀಕ್ಷೆ ಮಾಡಿದೆ. ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಕಡೆಗೆ ಕೂದಲೆಳೆಯಷ್ಟೂ ವಾಲದ ಮಣೆಯ ಮೇಲೆ ರಾಣಿಯ ಹಾಗೆ ಕೂತೆ.

ಟೊಂಗೆ ಕಿರ್ ಎಂದಿತು. ಮೆಲ್ಲಗೆ ಬಾಗಿತು. ನಾನು, ಮಣೆ, ಎರಡು ಹಗ್ಗ, ಎಲ್ಲ ಒಟ್ಟಿಗೆ ಇಳಿದು ಕೆಸರಿನಲ್ಲಿ ಕೂತೆವು. ಮಣೆ ಅಷ್ಟು ಹೊತ್ತಿಗೂ ಸಮವಾಗಿಯೇ ಇತ್ತು.

ಎಲ್ಲರೂ ನಕ್ಕು ನಕ್ಕು ಸುಸ್ತಾದರು. ನಾನು ಕೆಸರಿನಿಂದ ಏಳಲಿಲ್ಲ. ಒಟ್ಟಿಗೆ ತಳ ಸೇರಿವೆ ಎಂದು ಸಾಹೇಬರು ಹೇಳಿದ್ದು ಇದೇ ಅಲ್ಲವೇ? ನಾನು ಎಡಬಲದ ಹಗ್ಗಗಳನ್ನೇ ನೋಡಿದೆ. ಟೊಂಗೆಯನ್ನು ನೋಡಲಿಲ್ಲ.

ಮೇಲಿನಿಂದ ಕೊಡುವ ಕರೆಂಟು, ಕೆಳಗೆ ಎಳೆದುಕೊಳ್ಳುವ ಕರೆಂಟು ಇವೂ ಒಂದು ಜೋಡಿಯೇ. ಅವೂ ಎಂದೂ ಸರಿಸಮ ಇರುವುದಿಲ್ಲ. ಕೆಳಗಿನದು ತುಸು ಹೆಚ್ಚು ಎಳೆದರೂ ಸಾಕು, ಎಡಬಲ ಎಷ್ಟೇ ಸಮ ಇರಲಿ, ಎರಡೂ ಕೈಹಿಡಿದುಕೊಂಡು ಮುಳುಗುತ್ತವೆ. ಎರಡರ ಸರಾಸರಿ ಮಟ್ಟವನ್ನು ನೋಡುತ್ತ, ಇಳಿದರೆ ಏರಿಸುತ್ತ ಇರಲು ಚಿಪ್ಪಿನೊಳಗೇ ಒಂದು ಪುಟ್ಟ ವಿದ್ಯುತ್ ಮಂಡಲ ಇರುತ್ತದೆ. ಜಾಗ ಉಳಿಸಲು ಅದನ್ನು ನಾನೇ ತೀರಾ ಬಡಕಲು ಮಾಡಿದ್ದೆ. ಇಬ್ಬರಿಗೂ ಒಂದೇ ಆಗಿರುವುದು ಕಡೆಗೆ ಹೇಗೂ ಕಳೆದುಹೋಗುತ್ತದೆ, ಅದಕ್ಕೇಕೆ ಇಷ್ಟು ಜಾಗ ಎಂದು ಬರೆದಿಟ್ಟದ್ದು ನೆನಪಿದೆ.

ಸಂಜೆಯೊಳಗೆ ಹೊಸ ನಕ್ಷೆ ಮುಗಿಯಿತು. ಆ ಮಂಡಲಕ್ಕೆ ಈ ಸಲ ಚಿಪ್ಪಿನ ನಟ್ಟನಡುವೆ ಜಾಗ ಕೊಟ್ಟಿದ್ದೇನೆ. ಗದ್ದೆಯ ಹಾಳೆಯನ್ನೂ ತೆಗೆದು ನೋಡಿದೆ. ಅದರಲ್ಲಿ ಏನು ತಪ್ಪಿದೆಯೋ ತಿಳಿಯಲಿಲ್ಲ. ಗದ್ದೆಯೇನು ಚಿಪ್ಪೇ?

೨೪ ಜುಲೈ, ಪಂಚಮಿ

ಕೊಬ್ಬರಿ ಬಟ್ಟಲಲ್ಲಿ ಹಾಲು ಹಿಡಿದು ಮಣ್ಣಿನ ನಾಗಪ್ಪನ ಮುಂದೆ ಕೂತೆವು. ದೊಡ್ಡವ್ವ ಹೇಳಿಕೊಡುತ್ತ ಹೋದಳು. ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು.

ಅಲ್ಲಿಗೆ ನನ್ನ ಕೈ ನಿಂತಿತು. ಅಣ್ಣನ ಪಾಲು, ತಮ್ಮನ ಪಾಲು ಎಂದು ಹಸಿರು ಕೆಂಪು ಬಣ್ಣ ತುಂಬುತ್ತ ಒಂದು ತಿಂಗಳು ಕಳೆದಿದ್ದೇನೆ. ಅದಕ್ಕಿಂತ ಮೊದಲು ಇನ್ನೊಂದು ಹೆಸರು ಬರುತ್ತದೆ. ಚಿಕ್ಕಂದಿನಿಂದ ವರ್ಷಕ್ಕೊಮ್ಮೆ ಬಾಯಿಬಿಟ್ಟು ಹೇಳಿದ್ದು. "ಅಲ್ಲಿ ಅಪ್ಪ ಅದಾನ." "ಅಪ್ಪನ್ನ ಬಿಟ್ಟು ಹೆಂಗಿರ್ಲಿ?" ಎರಡೂ ಈ ಪುಸ್ತಕದಲ್ಲೇ ಇವೆ. ನಾನೇ ಬರೆದಿದ್ದೇನೆ.

"ಹಾಲು ಹಾಕವ್ವಾ, ಯಾಕ ಕುಂತಿ?" ಅಂದಳು ದೊಡ್ಡವ್ವ.

ಹಾಕಿದೆ. ಕಣ್ಣೀರೂ ಬಿತ್ತು. ನಾಗಪ್ಪ ಎರಡನ್ನೂ ಕುಡಿದ.

ಗದ್ದೆಯ ನಕ್ಷೆಯನ್ನು ಮತ್ತೆ ಬರೆದೆ. ಬೇವಿನ ಗಿಡದ ಸುತ್ತ ಒಂದಿಷ್ಟು ಜಾಗಕ್ಕೆ ಬಣ್ಣ ಹಾಕಲಿಲ್ಲ. ಅದು ಅಪ್ಪನದು. ಉಳಿದದ್ದು ನಾಲ್ಕು ಪಟ್ಟಿ. ನಾಳೆ ಮೊದಲ ಬಸ್ಸಿಗೆ ಹೋಗಿ ಇಬ್ಬರನ್ನೂ ಎದುರುಬದುರು ಕೂರಿಸಿ ತೋರಿಸುತ್ತೇನೆ.

೨೫ ಜುಲೈ, ಮುಕ್ಕುಂದ

ಊರು ಹತ್ತಿರವಾದಾಗ ಬಸ್ಸಿನಿಂದಲೇ ನೋಡಿದೆ, ಕಾಲುವೆಯಲ್ಲಿ ಕೆಂಪು ನೀರು ಅಂಚು ಮುಟ್ಟಿ ಹರಿಯುತ್ತಿತ್ತು. ಬಿಡುವುದಕ್ಕೆ ಇನ್ನೂ ದಿನ ಇದೆ ಅಂದಿದ್ದರು. ಫೈಸಲಾ ಇಲ್ಲ, ನಾನಿಲ್ಲ, ನೀರು ಬಂದುಬಿಟ್ಟಿದೆ.

ಮನೆಯಲ್ಲಿ ಅತ್ತಿಗೆ ಒಬ್ಬಳೇ ಇದ್ದಳು, ದೊಡ್ಡ ಬುಟ್ಟಿಗೆ ರೊಟ್ಟಿ ತುಂಬುತ್ತಿದ್ದಳು. ಇಬ್ಬರು ಉಣ್ಣುವಷ್ಟು ರೊಟ್ಟಿಯಲ್ಲ ಅದು.

"ಚೌತಿ ದಿನ ನಸುಕಿನ್ಯಾಗ ನೀರು ಬಂತು," ಅಂದಳು. "ತೂಬಿನ ಹತ್ರ ವಡ್ಡು ಒಡದು ನೀರು ಮಾವನ ಗದ್ದಿಗಿ ಕಡಿ ನುಗ್ಗಿತ್ತು. ದೊಡ್ಡಬಸುಗ ಹೇಳಿ ಕಳಸಾಕ ನೀ ಇರಲಿಲ್ಲ. ನಿಮ್ಮಣ್ಣ ನನಗ ಹೋಗಂದ್ರು, ಒಲಿ ಮ್ಯಾಲ ಹಾಲೈತಿ ಅಂದೆ. ಇವರು ಸಲಿಕಿ ತಗೊಂಡು ಓಡಿದ್ರು. ಹೋಗಿ ನೋಡಿದ್ರ ಅವ ಆಗಲೇ ನೀರಾಗ ನಿಂತಾನ, ಮೈಯೆಲ್ಲಾ ವಡ್ಡಿಗೆ ಕೊಟ್ಟು."

"ಮೊದಲು ಯಾರು ಮಾತಾಡಿದ್ರು?"

"ಅದೇನು ಕೇಳ್ತಿ? 'ಲೇ, ಮಣ್ಣು ಹಾಕು' ಅಂದ್ರು ನಿಮ್ಮಣ್ಣ. ಅವ ಹಾಕಿದ."

ಅಷ್ಟೇ ಅಂತೆ. ಆಮೇಲೆ ಬೇವಿನ ಗಿಡದ ಕೆಳಗೆ ಕೂತು ಬಹಳ ಹೊತ್ತು ಇಬ್ಬರೂ ಅತ್ತರಂತೆ. ಅಪ್ಪನ ಸಮಾಧಿಯ ಗದ್ದಿಗೆಯ ಸುತ್ತಲ ಜಾಗ ಯಾರದೂ ಅಲ್ಲ ಎಂದು ಅಲ್ಲಿಯೇ ಆಯಿತಂತೆ. ಮೇಲಿನ ಪಟ್ಟಿ ಹಳ್ಳದ ಪಟ್ಟಿಯ ಜೊತೆ ತಮ್ಮನಿಗಿರಲಿ ಎಂದು ಅಣ್ಣನೇ ಅಂದನಂತೆ, ನಡುವಿನದು ತನಗೆ ಸಾಕೆಂದು. ನಾಟಿ ಮಾತ್ರ ಈ ಸಲ ಒಟ್ಟಿಗೆ. ಅವ್ವ ನಿನ್ನೆಯಿಂದ ಅತ್ತಿಗೆಯ ಒಲೆಯ ಮುಂದೆಯೇ ಉಣ್ಣುತ್ತಿದ್ದಾಳೆ.

ನನ್ನ ಹಾಳೆಯಲ್ಲಿ ಮೇಲಿನ ಪಟ್ಟಿ ಅಣ್ಣನ ಹಸಿರು. ಅವನು ಅದನ್ನು ಬಿಟ್ಟುಕೊಡಬಹುದೆಂದು ಒಂದು ಸಲವೂ ನನಗೆ ಹೊಳೆದಿರಲಿಲ್ಲ. ಯಾಕೆ ಹೊಳೆಯಲಿಲ್ಲವೋ.

ಬುಟ್ಟಿ ನಾನೇ ಹೊತ್ತು ಗದ್ದೆಗೆ ಹೋದೆ. ಇಬ್ಬರೂ ಮೊಣಕಾಲುಮಟ ಕೆಸರಿನಲ್ಲಿ ವಡ್ಡು ಮೆತ್ತುತ್ತಿದ್ದರು, ಹಿಂದಿನಿಂದ ನೋಡಿದರೆ ಯಾರು ಯಾರೆಂದು ತಿಳಿಯುವಂತಿರಲಿಲ್ಲ. ಅಪ್ಪನ ಗದ್ದಿಗೆಯ ಮೇಲೆ ಯಾರೋ ಅಳ್ಳು ಮತ್ತು ಉಂಡೆ ಇಟ್ಟಿದ್ದರು.

ನನ್ನನ್ನು ಕಂಡದ್ದೇ ಅಣ್ಣ ಸಲಿಕೆ ಊರಿ ನಿಂತ. "ಎರಡ ದಿನ ಅಂತ ಹೋದಾಕಿ ಇಷ್ಟ ದಿನ ಎಲ್ಲಿ ಹಾಳಾಗಿ ಹೋಗಿದ್ದಿ?"

"ಒಂದ ಮಾತು ಹೇಳಿ ಕಳಸಾಕ ಆಗ್ಲಿಲ್ಲೇನಕ್ಕ ನಿನಗ?" ಅಂದ ದೊಡ್ಡಬಸು ಅದೇ ಉಸಿರಿನಲ್ಲಿ.

"ಮಳಿ ಬ್ಯಾರೆ. ಬಸ್ಸು ಬಿದ್ದವೇನೋ ಅಂತ..."

"...ನಿನ್ನೆ ಸಿಂಧನೂರು ಬಸ್‌ಸ್ಟ್ಯಾಂಡಿನ್ಯಾಗ ಕತ್ತಲಾಗೂಮಟ ಕುಂತಿದ್ವಿ ಇಬ್ಬರೂ."

"ಓದಿದಾಕಿ ಅಂತಾರ ಇಕಿನ್ನ."

"ಬುದ್ಧಿ ಎಲ್ಲಿಟ್ಟಿರ್ತಾಳೋ."

ಒಬ್ಬನ ಮಾತು ಇನ್ನೊಬ್ಬ ಮುಗಿಸುತ್ತ, ಒಂದೇ ದನಿಯಲ್ಲಿ, ಒಂದೇ ಸಿಟ್ಟಿನಲ್ಲಿ ಬೈದರು. ಬಿಸಿಲು ಬಿದ್ದು ಗದ್ದೆಯ ನೀರೆಲ್ಲ ಹೊಳೆಯುತ್ತಿತ್ತು. ಹೊಸ ನಕ್ಷೆ ನನ್ನ ಸೊಂಟದಲ್ಲೇ ಇತ್ತು, ಅದನ್ನು ತೆಗೆಯಲಿಲ್ಲ.

ಎರಡೂ ಕಡೆಯಿಂದ ಒಂದೇ ಬಂದಾಗ ಆಂಪ್ಲಿಫೈಯರ್ ಏನೂ ಹೇಳಬಾರದು. ಬುಟ್ಟಿ ಇಳಿಸಿ, ರೊಟ್ಟಿ ಬಡಿಸಿದೆ. ಏನೂ ಹೇಳಲಿಲ್ಲ.